ನಿಮ್ಮ ಬೈಕಿಗೆ ಇರಿಡಿಯಂ ಪ್ಲಗ್ ಬೇಕಾ?

100–125 ಸಿಸಿ ಬೈಕಿಗೆ ಇರಿಡಿಯಂ ಪ್ಲಗ್ (ತುದಿಗೆ ಇರಿಡಿಯಂ ಲೋಹ ಇರೋ ಸ್ಪಾರ್ಕ್ ಪ್ಲಗ್) ಹಾಕಿದ್ರೆ ಮೈಲೇಜ್ ಏರುತ್ತೆ, ಪಿಕಪ್ ಬರುತ್ತೆ ಅನ್ನೋ ಮಾತಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಕಿಡಿ ಸರಿಯಾಗಿ ಹತ್ತಿ ಪೆಟ್ರೋಲ್ ಉರಿದರೆ ಸಾಕು, ಅದು ಯಾವ ಲೋಹದಿಂದ ಹಾರಿತು ಅನ್ನೋದು ಇಂಜಿನ್‌ಗೆ ಲೆಕ್ಕಕ್ಕಿಲ್ಲ. ಪ್ಲಗ್ ಬದಲಿಸಿದ ಮೇಲೆ ಗಾಡಿ ಹಗುರ ಅನಿಸಿತಾ? ಹಳೇದು ಸವೆದಿತ್ತು, ಅಷ್ಟೇ. ಮಾಮೂಲಿ ಹೊಸ ಪ್ಲಗ್ ಹಾಕಿದ್ರೂ ಹಾಗೇ ಅನಿಸ್ತಿತ್ತು. ಪಲ್ಸರ್ ಎನ್‌ಎಸ್200ಗೆ ಮೂರು ಪ್ಲಗ್ ಬೇರೆ, ಖರ್ಚೂ ಮೂರು ಪಟ್ಟು.

ಹಾಗಂತ ಇರಿಡಿಯಂ ಸುಳ್ಳಲ್ಲ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಮಾಮೂಲಿ ಪ್ಲಗ್ಗಿನ ನಡುವಿನ ಕಡ್ಡಿ ಸುಮಾರು 2.5 ಮಿ.ಮೀ. ದಪ್ಪ, ತುದಿ ನಿಕಲ್ ಮಿಶ್ರಲೋಹದ್ದು. ಇರಿಡಿಯಂ ತುದಿ 0.4ರಿಂದ 0.6 ಮಿ.ಮೀ., ಪೆನ್ನಿನ ರೀಫಿಲ್ ಮೊನೆಯಷ್ಟು. ನಿಕಲ್ 1,455 ಡಿಗ್ರಿಗೆ ಕರಗಿದ್ರೆ ಇರಿಡಿಯಂ ಕರಗೋಕೆ ಸುಮಾರು 2,446 ಡಿಗ್ರಿ ಬೇಕು, ಹಾಗಾಗಿ ಅಷ್ಟು ಸಣ್ಣ ಮಾಡಿದ್ರೂ ತಡೆಯುತ್ತೆ. ಸಣ್ಣ ಮೊನೆಯಿಂದ ಕಿಡಿ ಕಮ್ಮಿ ವೋಲ್ಟೇಜಿಗೇ ಹಾರುತ್ತೆ. ನಿಕಲ್ ತುದಿ ಸವೆದು ಅಂಚು ದುಂಡಗಾದ ಹಾಗೆಲ್ಲ ಗ್ಯಾಪ್ (ತುದಿಗೂ ಅದರೆದುರಿನ ಕೊಕ್ಕೆಗೂ ನಡುವಿನ ಜಾಗ) ಹೆಚ್ಚಿ, ಕಿಡಿಗೆ ವೋಲ್ಟೇಜ್ ಕೊಡೋ ಕಾಯಿಲ್ ಮೇಲೆ ಹೊರೆ ಬೀಳುತ್ತೆ. ಆಮೇಲೆ ಬೆಳಗ್ಗೆ ಸ್ಟಾರ್ಟಿಂಗ್ ಟ್ರಬಲ್, ಏರಿನಲ್ಲಿ ಮಿಸ್ಸಿಂಗ್ (ಕಿಡಿ ತಪ್ಪಿ ಇಂಜಿನ್ ಮುಗ್ಗರಿಸೋದು).

ದುಡ್ಡು ಸಾರ್ಥಕ ಆಗೋದು ಟರ್ಬೊ ಮತ್ತು ಸಿಎನ್‌ಜಿ ಕಾರುಗಳಲ್ಲಿ, ಅಲ್ಲಿ ಕಿಡಿ ಹಾರೋದೇ ಕಷ್ಟ. ಪ್ಲಗ್ ಬಿಚ್ಚೋಕೆ ಇನ್‌ಟೇಕ್ ಮ್ಯಾನಿಫೋಲ್ಡೇ (ಇಂಜಿನ್ನಿಗೆ ಗಾಳಿ ಒಯ್ಯೋ ಕೊಳವೆಗಳು) ತೆಗೆಯಬೇಕಾದ ಕಾರಾದ್ರಂತೂ ಹೆಚ್ಚು ಬಾಳಿಕೆಯದ್ದೇ ಹಾಕಿ, ಕೂಲಿ ಉಳಿಯುತ್ತೆ. ಮ್ಯಾನ್ಯುಯಲ್‌ನಲ್ಲಿ ಇರಿಡಿಯಂ ಅಂತಿದ್ದರೆ ಉಳಿತಾಯ ಅಂತ ನಿಕಲ್‌ಗೆ ಇಳಿಯಬೇಡಿ. ಒಂದೇ ಕಾಯಿಲ್ ಎರಡು ಸಿಲಿಂಡರ್‌ಗೆ ಕಿಡಿ ಕೊಡೋ ಇಂಜಿನ್‌ಗಳಲ್ಲಿ ಒಂದು ಪ್ಲಗ್‌ನಲ್ಲಿ ಕಿಡಿ ಉಲ್ಟಾ ಹಾರಿ ಪಕ್ಕದ ಕೊಕ್ಕೆಯೇ ಹೆಚ್ಚು ಸವೆಯುತ್ತೆ. ಅದಕ್ಕೆ ಕೊಕ್ಕೆಯ ಮೇಲೂ ಪ್ಲಾಟಿನಂ ಇರೋ ಪ್ಲಗ್ಗೇ ಬೇಕು.

ನನ್ನ ಪ್ರಕಾರ ಲೋಹಕ್ಕಿಂತ ಮುಖ್ಯ ಪ್ಲಗ್ ಮೇಲಿನ ಹೀಟ್ ರೇಂಜ್ ನಂಬರ್, ಅಂದ್ರೆ ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತೆ ಅನ್ನೋದು. ಎನ್‌ಜಿಕೆ, ಡೆನ್ಸೊ ಬ್ರ್ಯಾಂಡುಗಳಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ಕೋಲ್ಡ್ (ಬಿಸಿ ಬೇಗ ಬಿಡುತ್ತೆ). ಬಾಷ್‌ನಲ್ಲಿ ಉಲ್ಟಾ, ಹೆಚ್ಚಾದಷ್ಟೂ ಹಾಟ್ (ಬಿಸಿ ಹಿಡಿದಿಟ್ಟುಕೊಳ್ಳುತ್ತೆ). ತೀರಾ ಕೋಲ್ಡ್ ಹಾಕಿದ್ರೆ ಮಸಿ ಕಟ್ಟುತ್ತೆ. ತೀರಾ ಹಾಟ್ ಹಾಕಿದ್ರೆ ಕಿಡಿಗೆ ಮುಂಚೆಯೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೇ ತೂತು ಬೀಳಬಹುದು. ಬ್ರ್ಯಾಂಡ್ ಬದಲಿಸೋವಾಗ ಹಳೇ ನಂಬರ್ ನೋಡಿ ಅಂದಾಜಿಗೆ ತರಬೇಡಿ, ಹೊಂದಿಕೆ ಪಟ್ಟಿ ನೋಡಿ.

ಬಿಚ್ಚಿದ ಪ್ಲಗ್ಗನ್ನೂ ಎಸೆಯೋ ಮುಂಚೆ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಇಂಜಿನ್ ಚೆನ್ನಾಗಿದೆ. ಒಣ ಕರಿ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ, ಇಲ್ಲಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಜಿಡ್ಡಿದ್ರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ, ಅಂಥ ಗಾಡಿಗೆ ಇರಿಡಿಯಂ ಹಾಕಿದ್ರೆ ಅದೂ ಜಿಡ್ಡಾಗುತ್ತೆ.

ಇರಿಡಿಯಂ ತುದಿಯನ್ನ ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ, ಗ್ಯಾಪ್ ಅಳೆಯೋ ನಾಣ್ಯದ ಥರದ ಗೇಜ್ ತುರುಕಬೇಡಿ, ಮೊನೆ ಮುರಿಯುತ್ತೆ. ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಸುತ್ತಲ ಧೂಳು ಊದಿ ಬಿಚ್ಚಿ. ಹೊಸದನ್ನ ಕೊನೇವರೆಗೂ ಕೈಯಲ್ಲೇ ತಿರುಗಿಸಿ, ವಾಷರ್ ಕೂತ ಮೇಲೆ ಸ್ಪ್ಯಾನರ್‌ನಿಂದ ಅರ್ಧ ಸುತ್ತು, ಅಷ್ಟೇ. ನಡುವೆ ಎಲ್ಲಾದರೂ ಹಿಡಿದಂತೆ ಅನಿಸಿದ್ರೆ ಬಿಚ್ಚಿ ನೆಟ್ಟಗೆ ಕೂರಿಸಿ. ಬಲ ಹಾಕಿದ್ರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತುಬರುತ್ತೆ.