ಬಾಲೂ ತಿರುಗಿಸಲ್ಲ, ಮಾತೂ ತಿರುಗಿಸಲ್ಲ

ಸ್ಟ್ರಿಕ್ಟ್ ಮೇಷ್ಟ್ರು ಅಂದ್ರೆ ನಮ್ ಜನಕ್ಕೆ ಪ್ರಾಣ. ಕಂಡೀಷನ್ ಒಂದೇ, ಅವ್ರು ಪಕ್ಕದ್ಮನೆ ಹುಡುಗನಿಗೆ ಪಾಠ ಮಾಡ್ತಿರ್ಬೇಕು. ನಂಬಿಕೆ ಬರ್ಲಿಲ್ಲ ಅಂದ್ರೆ 2016ರ ಜೂನಿಂದ 2017ರ ಜೂನ್ ತನಕ ನಮ್ಮ ಜಂಬೋ, ಅಂದ್ರೆ ಅನಿಲ್ ಕುಂಬ್ಳೆ, ಪಟ್ಟ ಪಾಡು ನೆನಪಿಸ್ಕೊಳ್ಳಿ.

ಭಾರತ ಕ್ರಿಕೆಟ್ ಟೀಮಿನ ಕೋಚ್ ಕೆಲ್ಸಕ್ಕೆ 57 ಅರ್ಜಿ ಬಂದಿತ್ತು. ಸಚಿನ್, ಗಂಗೂಲಿ, ಲಕ್ಷ್ಮಣ್ ಕೂತು ಅಳೆದು ತೂಗಿದ್ಮೇಲೆ ಅನಿಲ್ ಕುಂಬ್ಳೆ ಬಂದ್ರು. ಟೆಸ್ಟಲ್ಲಿ 619 ವಿಕೆಟ್, 1999ರಲ್ಲಿ ಡೆಲ್ಲೀಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ಒಬ್ರೇ, ಅದೆಲ್ಲ ಬಿಡಿ, 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ರೂ ಮುಖಕ್ಕೆ ಬ್ಯಾಂಡೇಜ್ ಸುತ್ಕೊಂಡು ಬಂದು ಒಂದೇ ಸಮ 14 ಓವರ್ ಹಾಕಿ ವೆಸ್ಟ್ ಇಂಡೀಸ್ ಬ್ಯಾಟ್ಸ್‌ಮನ್ ಲಾರಾನ ಔಟ್ ಮಾಡಿ ಆಮೇಲೆ ಆಪರೇಷನ್‌ಗೆ ಅಂತ ಊರಿಗೆ ವಿಮಾನ ಹತ್ತಿದ ಮನುಷ್ಯ. ಇಂಥವ್ರ ಮುಂದೆ ನಿಂತು "ಸರ್, ಯಾಕೋ ಇವತ್ತು ಮೈಕೈ ನೋವು" ಅನ್ನೋಕೆ ಯಾರಿಗೆ ಬಾಯಿ ಬರತ್ತೆ? ಸಮಸ್ಯೆ ಅಲ್ಲೇ ಶುರುವಾಯ್ತೇನೋ ಅಂತ ನನ್ ಡೌಟು.

ಟೀಮ್ ಬಸ್ಸಿಗೆ ಲೇಟಾದ್ರೆ 50 ಡಾಲರ್ ಫೈನ್ ಅಂತ ವೆಸ್ಟ್ ಇಂಡೀಸ್ ಟೂರಲ್ಲೇ ಸುದ್ದಿ ಬಂದಿತ್ತು. ಕೋಟಿಗಟ್ಲೆ ದುಡಿಯೋರಿಗೆ 50 ಡಾಲರ್ ಏನ್ ಲೆಕ್ಕ, ಕಷ್ಟ ಆಗೋದು ಗಡಿಯಾರ ನೋಡೋಕೆ.

ರಿಸಲ್ಟ್ ಏನಾಯ್ತು? 17 ಟೆಸ್ಟಲ್ಲಿ 12 ಗೆಲುವು, ಪುಣೇಲಿ ಒಂದೇ ಒಂದು ಸೋಲು, ಐದಕ್ಕೆ ಐದು ಸೀರೀಸ್ ನಮ್ದೇ. ಇಷ್ಟು ಮಾರ್ಕ್ಸ್ ಬಂದ್ಮೇಲೆ ಕ್ರಿಕೆಟ್ ಬೋರ್ಡಿನೋರು ಏನ್ ಮಾಡಿದ್ರು ಗೊತ್ತಾ, ಚಾಂಪಿಯನ್ಸ್ ಟ್ರೋಫಿಗೆ ಇನ್ನೊಂದು ವಾರ ಇದೆ ಅನ್ನೋವಾಗ "ಕೋಚ್ ಬೇಕಾಗಿದ್ದಾರೆ" ಅಂತ ಜಾಹೀರಾತು ಹಾಕಿದ್ರು! ಅಳಿಯ ಊಟಕ್ಕೆ ಕೂತಿರೋವಾಗ್ಲೇ ವರ ಬೇಕಾಗಿದ್ದಾನೆ ಅಂತ ಪೇಪರಿಗೆ ಕೊಟ್ಟಂಗೆ. ಆ ಮೂರು ಜನ ದಿಗ್ಗಜರು ಇವ್ರೇ ಮುಂದುವರೀಲಿ ಅಂದ್ರು, ಅದು ಗಾಳಿಗೆ ಹೋಯ್ತು. ಫೈನಲಲ್ಲಿ ಪಾಕಿಸ್ತಾನದ ಕೈಲಿ 180 ರನ್ನಿಂದ ಸೋತ್ವಿ, ಅದಾಗಿ ಎರಡೇ ದಿನಕ್ಕೆ ಜಂಬೋ ರಾಜೀನಾಮೆ.

ಕಾರಣ? ಕ್ಯಾಪ್ಟನ್ ಕೊಹ್ಲಿಗೆ ತಮ್ಮ "ಸ್ಟೈಲ್" ಹಿಡಿಸ್ತಿಲ್ಲ ಅಂತ ಬೋರ್ಡು ಹಿಂದಿನ್ ದಿನವಷ್ಟೇ, ಅದೂ ಮೊದಲ್ನೇ ಸಲ ಹೇಳ್ತು ಅಂತ ಕುಂಬ್ಳೆನೇ ಪತ್ರದಲ್ಲಿ ಬರೆದ್ರು. ಕೊಹ್ಲಿ ಫ್ಯಾನ್ಸ್ ಕಲ್ ಹೊಡೀಬೇಡಿ, ಕ್ಯಾಪ್ಟನ್‌ಗೆ ಕೋಚ್ ಸರಿಹೋಗ್ಬೇಕು ಒಪ್ತೀನಿ. ಆದ್ರೆ ವರ್ಷ ಪೂರ್ತಿ ದುಡಿಸ್ಕೊಂಡು ಕೊನೇ ದಿನ ಬಾಯಿ ಬಿಡೋದು ಯಾವ ಊರಿನ್ ಮ್ಯಾನೇಜ್‌ಮೆಂಟು ಸ್ವಾಮಿ?

ಅಲ್ಲಾ, ಇದೆಂಥಾ ಹಣೆಬರಹ ನೋಡಿ, 18 ವರ್ಷ ಆಡೋವಾಗ ಸ್ಪಿನ್ನರ್ ಆಗಿದ್ರೂ ಬಾಲ್ ತಿರುಗಿಸಲ್ಲ ಅಂತ ಗೊಣಗಿದ್ವಿ, ಕೋಚ್ ಆದ್ಮೇಲೆ ಮಾತು ತಿರುಗಿಸಲ್ಲ ಅಂತ ಕಳಿಸ್ಬಿಟ್ವಿ.

ಕೋಚ್ ಕೆಲ್ಸ ಅಂದ್ರೆ ಕನ್ನಡಿ ಹಿಡಿಯೋದು ಅಂತಾನೂ ಅದೇ ಪತ್ರದಲ್ಲಿದೆ. ಜಂಬೋ ಸರ್, ತಪ್ಪಾಗಿದ್ದೇ ಅಲ್ಲಿ, ಈ ಕಾಲದಲ್ಲಿ ಕನ್ನಡಿ ಯಾರಿಗ್ ಬೇಕು, ಮೊಡವೆ ಅಳಿಸೋ ಫಿಲ್ಟರ್ ಇರೋ ಸೆಲ್ಫಿ ಕ್ಯಾಮೆರಾ ಹಿಡೀಬೇಕಿತ್ತು ನೀವು.

ಬೆಂಗಳೂರಿನೋರು ನಾವು ಮಾತ್ರ ಬಿಟ್ಕೊಟ್ಟಿಲ್ಲಪ್ಪ, ಎಂಜಿ ರೋಡ್ ಹತ್ರ ಸರ್ಕಲ್ಲಿಗೇ ಅವ್ರ ಹೆಸ್ರಿಟ್ಟಿದೀವಿ. ಮೊನ್ನೆ ನಾನೂ ಅಲ್ಲೇ ಕೆಂಪು ಲೈಟ್ ಬಿದ್ಮೇಲೂ ಗಾಡಿ ನುಗ್ಗಿಸ್ದೆ. ಏನ್ ಮಾಡೋದು, ಲೇಟಾಗಿತ್ತು.