ಡಿಸೈನರ್ ಬ್ಯಾಗ್ ಹಿಡಿದವರೆಲ್ಲ ಕೋಟ್ಯಧೀಶರಲ್ಲ

‘ಡಿಸೈನರ್ ಬಟ್ಟೆ, ಬ್ಯಾಗ್ ಕೊಳ್ಳುವವರು ಕೋಟ್ಯಧೀಶರು ಮಾತ್ರ. ಸಾಮಾನ್ಯ ಸಂಬಳದವರ ಕೈಯಲ್ಲಿ ಕಂಡರೆ ಅದು ನಕಲಿಯೇ’ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ವ್ಯಾಪಾರ ಸಲಹಾ ಸಂಸ್ಥೆ ಬೇನ್ ಅಂಡ್ ಕಂಪನಿಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಐಷಾರಾಮಿ ವಸ್ತು ಕೊಳ್ಳುವವರು ಸುಮಾರು 40 ಕೋಟಿ. ಅಷ್ಟೊಂದು ಕೋಟ್ಯಧೀಶರು ಎಲ್ಲಿಂದ ಬರಬೇಕು, ಅಲ್ವಾ? ಬೋನಸ್ ಬಂದಾಗಲೋ ಹುಟ್ಟುಹಬ್ಬಕ್ಕೋ ಒಂದೇ ಒಂದು ವಸ್ತು ಕೊಳ್ಳುವವರೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಅವರು ಕೊಳ್ಳುವುದು ಹೆಚ್ಚಾಗಿ ಕೋಟು, ಗೌನು ಅಲ್ಲ. ಸೆಂಟು, ಲಿಪ್‌ಸ್ಟಿಕ್, ಬೆಲ್ಟು, ನಾಲ್ಕು ಕಾರ್ಡ್ ಹಿಡಿಸುವ ಪುಟ್ಟ ಪರ್ಸು, ಕಡ್ಡಿಯ ಮೇಲೆ ಹೆಸರು ಹೊಳೆಯುವ ಕೂಲಿಂಗ್ ಗ್ಲಾಸ್. ಇಟಲಿಯ ಐಷಾರಾಮಿ ಬ್ರ್ಯಾಂಡ್ ಪ್ರಾಡಾದ ಕನ್ನಡಕವನ್ನು ತಯಾರಿಸುವುದು ಪ್ರಾಡಾ ಅಲ್ಲ, ಅದರ ಹೆಸರು ಬಳಸಲು ಲೈಸೆನ್ಸ್ ಪಡೆದ ಕನ್ನಡಕ ಕಂಪನಿ ಎಸಿಲೋರ್‌ಲಕ್ಸೋಟಿಕಾ. ಹಾಗಂತ ಅದು ನಕಲಿ ಆಗುವುದಿಲ್ಲ. ಹೆಸರು ಕೊಟ್ಟು ದುಡ್ಡು ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು.

ಸೆಕೆಂಡ್ ಹ್ಯಾಂಡ್ ದಾರಿಯೂ ಇದೆ. ದಿ ರಿಯಲ್‌ರಿಯಲ್, ವೆಸ್ಟಿಯೇರ್ ಕಲೆಕ್ಟಿವ್‌ನಂಥ ಕಂಪನಿಗಳು ನಡೆಯುವುದೇ ಇದರ ಮೇಲೆ. ಮೂಲೆ ಸವೆದು, ಹಿಡಿ ಸ್ವಲ್ಪ ಕಪ್ಪಾದ ಬ್ಯಾಗು ಅಸಲಿಯೇ, ಆದರೆ ಬೆಲೆ ಕಮ್ಮಿ. ನಕಲಿ ಮಾಲು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಹಿಡಿದವರ ಸಂಬಳ ನೋಡಿ ಸುಮ್ನೆ ತೀರ್ಪು ಕೊಡಲಾಗದು.

ಆ ಮಾತಿನಲ್ಲಿ ಒಂದು ಚೂರು ನಿಜವೂ ಇದೆ. ಮಾರಾಟದ ದೊಡ್ಡ ಪಾಲು ಬರುವುದು ಕೆಲವೇ ಸಿರಿವಂತರಿಂದ. ಬೆಲೆ ವಿಪರೀತ ಏರಿದ್ದರಿಂದ 2024ರ ಹೊತ್ತಿಗೆ ಸುಮಾರು 5 ಕೋಟಿ ಗ್ರಾಹಕರು ಕಡಿಮೆಯಾದರು ಎಂದೂ ಬೇನ್ ಹೇಳಿದೆ. ಹಾಗೆ ಹಿಂದೆ ಸರಿದವರಲ್ಲಿ ಸಾಮಾನ್ಯ ಸಂಬಳದವರೇ ಜಾಸ್ತಿ.