ಘರ್ಷಣೆ ನಗಣ್ಯ

ಆಟಿ ತಿಂಗಳ ಮಳೆ. ಬೆಳಿಗ್ಗೆ ಬೆಳಿಗ್ಗೆಯೇ ಮೊಬೈಲಿಗೆ ಸುದ್ದಿ ಬಂತು, ಉಡುಪಿ ಜಿಲ್ಲೆಯ ಶಾಲೆಗಳಿಗೆ ಡಿಸಿ ರಜೆ ಕೊಟ್ಟಿದ್ದಾರೆ ಅಂತ. ಒಂಬತ್ತನೇ ಕ್ಲಾಸಿನ ಮಗಳು ಪುನಃ ಹೊದಿಕೆ ಎಳೆದುಕೊಂಡಳು. ನಿಶ್ಚಲವಾಗಿರುವ ವಸ್ತು ಹೊರಗಿನ ಬಲ ಬೀಳುವ ತನಕ ನಿಶ್ಚಲವಾಗಿಯೇ ಇರುತ್ತದೆ. ನಮ್ಮ ಮನೆಯಲ್ಲಿ ಹೊರಗಿನ ಬಲ ಎಂದರೆ ನನ್ನ ಹೆಂಡತಿ. ಹತ್ತು ಗಂಟೆಗೆ ಅದು ಬಿತ್ತು. "ಸೈನ್ಸ್ ಹೋಂವರ್ಕ್ ಬಾಕಿ ಉಂಟಲ್ಲ? ಅಪ್ಪನ ಹತ್ರ ಕೂತು ಮುಗಿಸು."

ಅಪ್ಪ ಪಿಯುಸಿಯಲ್ಲಿ ಸೈನ್ಸ್ ಓದಿದವ. ಆಮೇಲೆ ಬಿಕಾಂಗೆ ಯಾಕೆ ಹೋದ ಎಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಮೊದಲ ಲೆಕ್ಕ ಹೀಗಿತ್ತು: 25 ಕಿಲೋ ದ್ರವ್ಯರಾಶಿಯ ಪೆಟ್ಟಿಗೆಯನ್ನು 50 ನ್ಯೂಟನ್ ಬಲದಿಂದ ಎಳೆದರೆ ವೇಗೋತ್ಕರ್ಷ ಎಷ್ಟು? ಘರ್ಷಣೆ ನಗಣ್ಯ.

"ಐವತ್ತು ಭಾಗಿಸು ಇಪ್ಪತ್ತೈದು, ಎರಡು. ಆಯ್ತು ಅಪ್ಪ," ಅಂದಳು.

ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ಹಿಂದಿನ ವಾರ ಮಣಿಪಾಲದ ಬಸ್ಸಿನಲ್ಲಿ ನನಗೊಂದು ಅವಮಾನ ಆಗಿತ್ತು. ಕಲ್ಸಂಕದಲ್ಲಿ ಡ್ರೈವರ್ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ವಾಲಿದೆವು. "ನೋಡು, ಇದೇ ಜಡತ್ವ," ಎಂದೆ. "ಹಾಗಾದರೆ ಕಂಡಕ್ಟರ್ ಯಾಕೆ ಬೀಳಲಿಲ್ಲ?" ಎಂದು ಕೇಳಿದಳು. ಆತ ಕಂಬ ಹಿಡಿಯದೆ, ಎರಡೂ ಕೈಯಲ್ಲಿ ಚಿಲ್ಲರೆ ಎಣಿಸುತ್ತಾ ನೆಟ್ಟಗೆ ನಿಂತಿದ್ದ. ಕಾಲು ಅಗಲಿಸಿ, ಬ್ರೇಕಿಗೆ ಮೊದಲೇ ಹಿಂದಕ್ಕೆ ವಾಲಿಕೊಳ್ಳುತ್ತಾನೆ ಎಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಆ ಮರ್ಯಾದೆ ಈಗ ವಾಪಸ್ ಬೇಕಿತ್ತು.

"ಎರಡು ಅಂತ ಬರೆದರೆ ಸಾಕಾ? ಎಳೆದು ನೋಡುವ," ಎಂದೆ.

ಮನೆಯಲ್ಲಿ 25 ಕಿಲೋದ ಕುಚ್ಚಲಕ್ಕಿ ಚೀಲ ಇತ್ತು. ದುಬೈಯಲ್ಲಿರುವ ಭಾವ ಬಿಟ್ಟುಹೋದ, ಲಗೇಜು ತೂಗುವ ಕೊಕ್ಕೆ ತಕ್ಕಡಿಯೂ ಇತ್ತು. ಅದು ಕಿಲೋ ತೋರಿಸುತ್ತದೆ. ಹತ್ತರಿಂದ ಗುಣಿಸಿದರೆ ಹೆಚ್ಚುಕಮ್ಮಿ ನ್ಯೂಟನ್. ಚೀಲದ ಕಿವಿಗೆ ಕೊಕ್ಕೆ ಸಿಕ್ಕಿಸಿ, ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ನಿಂತು ಎಳೆದೆ. ಮಗಳು ಅಂಕೆ ಓದಿದಳು. ಐದು, ಅಂದರೆ ಲೆಕ್ಕದ 50 ನ್ಯೂಟನ್. ಚೀಲ ಅಲುಗಲಿಲ್ಲ. ಎಂಟು. ಇಲ್ಲ. ಹನ್ನೆರಡಕ್ಕೆ ಕುಂಯ್ ಎಂದು ಹೊರಟಿತು. ಹೊರಟ ಮೇಲೆ ಒಂಬತ್ತೇ ಸಾಕಾಯಿತು. ನಿಂತದ್ದನ್ನು ಹೊರಡಿಸುವ ಕಷ್ಟ, ಹೊರಟದ್ದನ್ನು ಸಾಗಿಸುವುದಕ್ಕಿಲ್ಲ. ಸ್ಥಾಯಿ ಘರ್ಷಣೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಮಗಳ ಮುಖದಲ್ಲಿ ಮೊದಲ ಸಲ ಒಂದು ಚೂರು ಗೌರವ ಕಂಡಿತು. ಅದೇ ತಲೆಗೆ ಏರಿತು.

"ಈಗ ಆ ಎರಡು ತೋರಿಸ್ತೇನೆ. ಘರ್ಷಣೆಗೆ ತೊಂಬತ್ತು, ಅದರ ಮೇಲೆ ಐವತ್ತು. ಒಟ್ಟು 140 ನ್ಯೂಟನ್. ಹದಿನಾಲ್ಕು ಬಂದ ಕೂಡಲೇ ಹೇಳು."

"ಹನ್ನೆರಡು... ಹದಿಮೂರು... ಹದಿನಾಲ್ಕು!"

ಚೀಲದ ಕಿವಿ ಕಿತ್ತು ಬಂತು. ಚೀಲದ ಮೇಲೆ ಬೀಳುತ್ತಿದ್ದ 140 ನ್ಯೂಟನ್ ಸೊನ್ನೆಯಾಯಿತು. ಹಿಂದಕ್ಕೆ ವಾಲಿದ್ದ ನಾನು ಹಾಗೇ ಮುಂದುವರಿದೆ. ಒಂದು ಕಾಲು ಮುರಕಲ್ಲಿನ ಮೆಟ್ಟಿಲಿಗೆ, ಇನ್ನೊಂದು ಕಾಲು ಅಂಗಳದ ಪಾಚಿಗೆ. ಅಂಗಳ ಜಾರ್ತದೆ, ನಾಲ್ಕು ಮಡಲು ಹಾಕು ಎಂದು ಅಮ್ಮ ಒಂದು ವಾರದಿಂದ ಹೇಳುತ್ತಿದ್ದರು. ಆ ಮಾತನ್ನು ನಾನು ನಗಣ್ಯ ಮಾಡಿದ್ದೆ. ನ್ಯೂಟನ್ 1687ರಲ್ಲಿ ಮೂರು ನಿಯಮಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದಾಗ ಕರಾವಳಿಯ ಅಂಗಳ ನೋಡಿರಲಿಲ್ಲ. ನೋಡಿದ್ದರೆ ಘರ್ಷಣೆ ಇಲ್ಲದ ಜಾಗ ಎಲ್ಲಿದೆ ಎಂದು ವಿಳಾಸ ಸಮೇತ ಬರೆಯುತ್ತಿದ್ದ. ನಾನು ಒಂದೇ ವೇಗದಲ್ಲಿ, ನೇರ ಗೆರೆಯಲ್ಲಿ, ಕೂತ ಭಂಗಿಯಲ್ಲಿ ಹೋಗಿ ತುಳಸಿಕಟ್ಟೆಗೆ ಬಡಿದೆ. ನಾನು ಕಟ್ಟೆಗೆ ಎಷ್ಟು ಬಲ ಕೊಟ್ಟೆನೋ ಕಟ್ಟೆ ನನಗೂ ಅಷ್ಟೇ ಕೊಟ್ಟಿತು. ಬಲ ಸಮ. ಪರಿಣಾಮ ಮಾತ್ರ ಸಮ ಅಲ್ಲ. ಕಟ್ಟೆಗೆ ಏನೂ ಆಗಲಿಲ್ಲ.

"ಎಂತ ಆಯ್ತು ಮಾರಾಯ್ರೇ?" ಎಂದು ಹೆಂಡತಿ ಓಡಿ ಬಂದಳು. ಬಂದವಳು ಮೊದಲು ನೋಡಿದ್ದು ಚೆಲ್ಲಿದ ಅಕ್ಕಿಯನ್ನು.

ಅಮ್ಮ ಏನೂ ಹೇಳಲಿಲ್ಲ. ಕೊಟ್ಟಿಗೆಯಿಂದ ಒಂದು ಅಡಿಕೆ ಹಾಳೆ ತಂದರು. ಚೀಲವನ್ನು ಅದರ ಮೇಲೆ ಉರುಳಿಸಿ, ತುದಿ ಹಿಡಿದು, ಒಂದೇ ಕೈಯಲ್ಲಿ ಅಡುಗೆಮನೆ ತನಕ ಎಳೆದುಕೊಂಡು ಹೋದರು. ಅಮ್ಮ ಓದಿದ್ದು ಐದನೇ ಕ್ಲಾಸು. ಎಷ್ಟು ನ್ಯೂಟನ್ ಬಿತ್ತು ಎಂದು ನೋಡುವ ಆಸೆ ಇತ್ತು. ತಕ್ಕಡಿ ಅಂಗಳದ ನೀರಿನಲ್ಲಿ ಮುಳುಗಿತ್ತು.

ಮೂರು ದಿನ ಮಗ್ಗುಲಾಗಿ ಮಲಗಿದೆ. ನಾಲ್ಕನೇ ದಿನ ಮಗಳ ನೋಟ್ಸ್ ತಿದ್ದಿ ಬಂತು. ಮೊದಲ ಲೆಕ್ಕಕ್ಕೆ ಸರಿ ಗುರುತು. ಕೊನೆಯ ಪ್ರಶ್ನೆ, "ಬಲವು ವಸ್ತುವಿನ ಸ್ಥಿತಿ, ದಿಕ್ಕು ಮತ್ತು ಆಕಾರವನ್ನು ಬದಲಿಸುತ್ತದೆ. ನಿತ್ಯಜೀವನದಿಂದ ಉದಾಹರಣೆ ಕೊಡಿ."

ಮೂರಕ್ಕೂ ಆಕೆ ಒಂದೇ ಉತ್ತರ ಬರೆದಿದ್ದಳು: "ನಮ್ಮ ಅಪ್ಪ."

ಟೀಚರ್ ಅದಕ್ಕೂ ಸರಿ ಹಾಕಿದ್ದರು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ, "ಈಗ ಹೇಗಿದ್ದಾರೆ?"